ಓದುಗರ ಪ್ರಶ್ನೆ: ಬೀಗ ಹಾಕಿದ ಆ ಸಾಲು ಮನೆಗಳು ಯಾರವು?

ಕಳೆದ ತಿಂಗಳು ಬೂಷ್ಟು ಹಿಡಿದ ರೇಷ್ಮೆ ಸೀರೆಯ ಬಗ್ಗೆ ಉತ್ತರಿಸುವಾಗ, ‘ನಾನು ಇಪ್ಪತ್ತೈದು ಮಳೆಗಾಲ ಕುದುರೆಮುಖದಲ್ಲಿ ಕಳೆದವಳು’ ಎಂದು ಒಂದು ಮಾತು ಬರೆದಿದ್ದೆ. ಓದುಗರು ಸೀರೆಯನ್ನು ಬಿಟ್ಟು ಆ ಮಾತನ್ನೇ ಹಿಡಿದುಕೊಂಡಿದ್ದಾರೆ. ಬಂದ ಪತ್ರಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಈ ಸಲದ ಪುಟ ಪೂರ್ತಿ ಆ ಊರಿಗೆ.

ಮೊನ್ನೆ ನಾವು ಐದು ಮಂದಿ ಗೆಳೆಯರು ಕುದುರೆಮುಖ ಶಿಖರಕ್ಕೆ ಚಾರಣ ಹೋಗಿದ್ದೆವು. ಮುಗಿಸಿಕೊಂಡು ಕಾರ್ಕಳದ ಕಡೆ ಹೊರಟಾಗ ಕಾಡಿನ ನಡುವೆ ಸಾಲು ಸಾಲು ಮನೆಗಳು ಕಂಡವು. ಬಾಗಿಲಿಗೆ ಬೀಗ, ಗೋಡೆಗೆ ಪಾಚಿ. ಅಷ್ಟು ದೊಡ್ಡ ಊರನ್ನು ಅಲ್ಲಿ ಯಾರು ಕಟ್ಟಿದರು, ಯಾಕೆ ಕಟ್ಟಿದರು?
– ಓದುಗ, ಬಸವನಗುಡಿ

ಅದು ಕುದುರೆಮುಖ ಟೌನ್‌ಶಿಪ್. ಆ ಜಾಗದ ಹೆಸರು ಮಲ್ಲೇಶ್ವರ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದ ನಾನು 1981ರ ಫೆಬ್ರುವರಿಯಲ್ಲಿ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತಿ, ಹಾಸನ, ಮೂಡಿಗೆರೆ, ಕೊಟ್ಟಿಗೆಹಾರ, ಕಳಸ ದಾಟಿ ಬೆಳಗಾಗುವ ಹೊತ್ತಿಗೆ ಆ ಇನ್ನೊಂದು ಮಲ್ಲೇಶ್ವರದಲ್ಲಿ ಇಳಿದೆ. ರಸಾಯನಶಾಸ್ತ್ರದಲ್ಲಿ ಬಿ.ಎಸ್‌ಸಿ. ಮುಗಿಸಿ ಎರಡು ವರ್ಷವಾಗಿತ್ತು. ಅದಿರಿನಲ್ಲಿ ಕಬ್ಬಿಣ ಎಷ್ಟಿದೆ ಎಂದು ಅಳೆಯುವ ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು. ಬಸ್ಸಿಳಿದವಳಿಗೆ ಮೊದಲು ಕಂಡದ್ದು ಮಂಜು. ಅದು ಸರಿದ ಮೇಲೆ ಹಸಿರು ಹುಲ್ಲಿನ ಬೋಳು ಬೆಟ್ಟಗಳು, ಅವುಗಳ ಮಡಿಲಲ್ಲಿ ಕಪ್ಪಗೆ ಶೋಲಾ ಕಾಡು. ಅದರ ಕೆಳಗೆ, ನಮ್ಮ ಜಯನಗರದ ಯಾವುದೋ ಬ್ಲಾಕನ್ನು ಕಿತ್ತು ತಂದು ಇಟ್ಟ ಹಾಗೆ ಅಚ್ಚುಕಟ್ಟಾದ ಬೀದಿಗಳು.

ಆ ಬೆಟ್ಟದಲ್ಲಿ ಕಬ್ಬಿಣ ಇದೆ ಎನ್ನುವುದು ಹೊಸ ಸಂಗತಿಯಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ 1913ರಲ್ಲೇ ಅದನ್ನು ಗುರುತಿಸಿದ್ದರು. ಆದರೂ ಅರವತ್ತು ವರ್ಷ ಅಲ್ಲಿ ಗಣಿ ಏಳಲಿಲ್ಲ. ಬಳ್ಳಾರಿಯ ಅದಿರಿನಲ್ಲಿ ನೂರಕ್ಕೆ ಅರವತ್ತು ಪಾಲಿಗಿಂತ ಹೆಚ್ಚು ಕಬ್ಬಿಣ ಸಿಗುವಾಗ, ಮೂವತ್ತೆಂಟು ಪಾಲಿನ ಈ ಕಲ್ಲಿಗಾಗಿ ಮಳೆಕಾಡಿನೊಳಗೆ ರಸ್ತೆ ಕಡಿಯುವವರು ಯಾರು? ಕಾಲ ಬದಲಾದದ್ದು ಇರಾನಿನಿಂದ. ತೈಲದ ಬೆಲೆ ಏರಿ ಅಲ್ಲಿನ ದೊರೆ ಶಹಾ ಬಳಿ ಹಣ ತುಂಬಿತ್ತು, ಅವರಿಗೆ ಉಕ್ಕಿನ ಕಾರ್ಖಾನೆಗಳು ಬೇಕಾಗಿದ್ದವು. 1975ರಲ್ಲಿ ಒಪ್ಪಂದವಾಯಿತು. ಇರಾನು 63 ಕೋಟಿ ಡಾಲರ್ ಸಾಲ ಕೊಡುವುದು, ನಾವು 21 ವರ್ಷಗಳಲ್ಲಿ 15 ಕೋಟಿ ಟನ್ ಅದಿರಿನ ಪುಡಿ ಕೊಡುವುದು. 1976ರ ಏಪ್ರಿಲ್‌ನಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಗಣಿ, ಕಾರ್ಖಾನೆ, ಅಣೆಕಟ್ಟೆ, ಊರು, ಘಟ್ಟ ಇಳಿಯುವ ಕೊಳವೆ ಎಲ್ಲವೂ ಎದ್ದು ನಿಂತವು.

1979ರಲ್ಲಿ ಶಹಾ ದೇಶ ಬಿಟ್ಟು ಓಡಬೇಕಾಯಿತು. ಸಾಲದ ಹಣ ಅರ್ಧಕ್ಕೇ ನಿಂತಿತು, ಉಳಿದದ್ದನ್ನು ನಮ್ಮ ಸರ್ಕಾರವೇ ಹಾಕಿ ಕೆಲಸ ಮುಗಿಸಿತು. ಒಬ್ಬನೇ ಗಿರಾಕಿಗಾಗಿ ಕಟ್ಟಿದ ಊರು, ಬಾಗಿಲು ತೆರೆಯುವ ಹೊತ್ತಿಗೆ ಆ ಗಿರಾಕಿಯೇ ಇಲ್ಲ. ನಾನು ಸೇರಿದ ಹೊಸದರಲ್ಲಿ ಕ್ಯಾಂಟೀನಿನಲ್ಲಿ ಬೆಳಗ್ಗೆ ಸಂಜೆ ಅದೇ ಮಾತು: ಇದನ್ನೆಲ್ಲ ಕೊಳ್ಳುವವರು ಯಾರು? ಆಮೇಲೆ ಚೀನಾ, ಜಪಾನ್ ಎಂದು ಬೇರೆ ಬೇರೆ ದೇಶಗಳಿಗೆ ಹಡಗು ಹೊರಟವು. 1987ರಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಪುಡಿಯನ್ನು ಉಂಡೆ ಕಟ್ಟುವ ಪೆಲೆಟ್ ಕಾರ್ಖಾನೆಯೂ ಶುರುವಾಯಿತು.

ಕೆಲಸದ ಬಗೆ ಹೇಳಿದರೆ ಊರಿನ ಬಗೆ ಅರ್ಥವಾಗುತ್ತದೆ. ಅರೋಳಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಸಿಡಿಸಿ, ಕಲ್ಲನ್ನು ಭಾರೀ ಗಿರಣಿಗಳಲ್ಲಿ ನೀರಿನ ಜೊತೆ ಹಿಟ್ಟಿನ ಹದಕ್ಕೆ ಅರೆಯುತ್ತಿದ್ದರು. ಕಲ್ಲಿನಲ್ಲಿದ್ದದ್ದು ಮ್ಯಾಗ್ನಟೈಟ್. ಅಯಸ್ಕಾಂತಕ್ಕೆ ಅಂಟುವ ಜಾತಿ. ಆದ್ದರಿಂದ ಅಯಸ್ಕಾಂತದ ಉರುಳೆಗಳ ಮೇಲೆ ಹರಿಸಿ ಕಬ್ಬಿಣದ ಪುಡಿಯನ್ನು ಬೇರ್ಪಡಿಸುವುದು. ನೀರಿನಲ್ಲಿ ಕಲಸಿದ ಆ ಕರಿ ಪುಡಿ, ನಾವು ‘ಸ್ಲರಿ’ ಎನ್ನುತ್ತಿದ್ದದ್ದು, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿತ್ತು. ಅಲ್ಲಿ ನೀರು ಸೋಸಿ ಹಡಗಿಗೆ. ಅದಿರು ಸಾಗಿಸುವ ಲಾರಿ ಇಲ್ಲ, ರೈಲಿಲ್ಲ. ಬಳ್ಳಾರಿಯ ಕೆಂಧೂಳು ಕಂಡವರಿಗೆ ನಮ್ಮ ಊರಿನ ಚೊಕ್ಕಟ ನಂಬಲಿಕ್ಕೇ ಆಗುತ್ತಿರಲಿಲ್ಲ.

ಪ್ರತಿ ಪಾಳಿಗೂ ಸ್ಯಾಂಪಲ್ ಡಬ್ಬಿಗಳು ಲ್ಯಾಬಿಗೆ ಬರುತ್ತಿದ್ದವು. ಒಣಗಿಸಿ ತೂಗಿ ಆಮ್ಲದಲ್ಲಿ ಕುದಿಸಿ, ಹಳದಿ ಬಣ್ಣ ಹೋಗುವವರೆಗೆ ಹನಿ ಹನಿಯಾಗಿ ಸ್ಟ್ಯಾನಸ್ ಕ್ಲೋರೈಡ್ ಬಿಟ್ಟು, ಕೊನೆಗೆ ನಲ್ಲಿಯಿರುವ ಗಾಜಿನ ಅಳತೆ ಕೊಳವೆ, ಅಂದರೆ ಬ್ಯುರೆಟ್ಟಿನಿಂದ ಡೈಕ್ರೋಮೇಟ್ ದ್ರಾವಣ. ಹಸಿರಾಗಿದ್ದ ದ್ರಾವಣ ಒಂದೇ ಒಂದು ಹನಿಗೆ ಗಾಢ ನೇರಳೆಗೆ ತಿರುಗುತ್ತದೆ. ಆ ಹನಿಯನ್ನು ಹಿಡಿಯುವುದೇ ನನ್ನ ಉದ್ಯೋಗ. ಒಂದು ಹನಿ ಹೆಚ್ಚಾದರೆ ಲೆಕ್ಕ ತಪ್ಪುತ್ತದೆ, ಲೆಕ್ಕ ತಪ್ಪಿದರೆ ಹಡಗಿನ ಸರಕಿನ ದರ ತಪ್ಪುತ್ತದೆ. ಇವತ್ತಿಗೂ ಸಂಪಿಗೆ ರಸ್ತೆಯಲ್ಲಿ ಆ ನೇರಳೆ ಬಣ್ಣದ ಸೀರೆ ಕಂಡರೆ ಬೆರಳು ತಾನಾಗಿ ನಲ್ಲಿ ತಿರುಗಿಸುವ ಹಾಗೆ ಮಡಚಿಕೊಳ್ಳುತ್ತದೆ.

ಮಳೆಯ ವಿಷಯ ಹೇಳದಿದ್ದರೆ ಊರಿನ ವಿಷಯ ಹೇಳಿದಂತಾಗುವುದಿಲ್ಲ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸುಮಾರು ಸಾವಿರ ಮಿಲಿಮೀಟರ್. ಅಲ್ಲಿ ಆರು ಸಾವಿರ ದಾಟುತ್ತಿತ್ತು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗದೆ ಅಡುಗೆಮನೆಯಲ್ಲಿ ಒಲೆಯ ಮೇಲೆ ಹಗ್ಗ ಕಟ್ಟುತ್ತಿದ್ದೆವು. ಮಕ್ಕಳ ಯೂನಿಫಾರ್ಮಿಗೆ ಸದಾ ಒಗ್ಗರಣೆಯ ವಾಸನೆ. ಚಪ್ಪಲಿಗೆ, ಪುಸ್ತಕದ ರಟ್ಟಿಗೆ, ಮದುವೆ ಫೋಟೋಗೆ ಬೂಷ್ಟು. ಶಾಲೆಯಿಂದ ಬಂದ ಮಕ್ಕಳ ಕಾಲಿನಿಂದ ಉಂಬಳ ಬಿಡಿಸಲು ಬಾಗಿಲ ಬಳಿ ಉಪ್ಪಿನ ಪೊಟ್ಟಣ ಇರಲೇಬೇಕು. ಪಕ್ಕದ ಮನೆಯವರು ತುಳು, ಎದುರಿನವರು ಮಲಯಾಳಂ, ಹಿಂದಿನ ಮನೆಯವರು ಬಿಹಾರದವರು. ಹಂಡೆ ನೀರು ಕಾಯುವವರೆಗೆ ಎಲ್ಲರೂ ಒಂದೇ ವರಾಂಡದಲ್ಲಿ ಕೂತಿರುತ್ತಿದ್ದೆವು.

ನಮ್ಮ ತಂದೆಯವರ ಊರು ಕೆ.ಜಿ.ಎಫ್. ಅಲ್ಲಿಯೂ ಗಣಿ ಮುಚ್ಚಿತು, ಆದರೆ ಜನ ಇವತ್ತಿಗೂ ಇದ್ದಾರೆ, ನಮ್ಮ ಚಿಕ್ಕಪ್ಪನ ಮನೆ ಅಲ್ಲೇ ಇದೆ. ಕುದುರೆಮುಖದಿಂದ ಮಾತ್ರ ಜನ ಯಾಕೆ ಹಾಗೆ ಎದ್ದು ಹೋದರು?
– ಓದುಗರು, ಕೃಷ್ಣರಾಜಪುರ

ನಿಮ್ಮ ಪ್ರಶ್ನೆ ನನ್ನನ್ನು ಎರಡು ರಾತ್ರಿ ಕಾಡಿತು. ಎರಡೂ ಊರು ಮುಚ್ಚಿದ್ದು ಹೆಚ್ಚುಕಡಿಮೆ ಒಂದೇ ಕಾಲಕ್ಕೆ. ಕೋಲಾರದ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ, ನಮ್ಮದು 2005ರ ಡಿಸೆಂಬರ್ 31ಕ್ಕೆ.

ನಿಮ್ಮ ಊರಿಗೆ ನೂರಿಪ್ಪತ್ತು ವರ್ಷದ ಬೇರಿತ್ತು. ಜಾನ್ ಟೇಲರ್ ಕಂಪನಿ 1880ರಲ್ಲಿ ಕೈ ಹಾಕಿದ ಮೇಲೆ ನಾಲ್ಕು ತಲೆಮಾರು ಅಲ್ಲಿ ಹುಟ್ಟಿ ಸತ್ತಿವೆ. ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆಗಳಲ್ಲಿ ಅಂಗಡಿ, ಸ್ವಂತ ಮನೆ, ದೇವಸ್ಥಾನ, ಚರ್ಚು, ಸ್ಮಶಾನ ಎಲ್ಲ ಇವೆ. ಎಲ್ಲಕ್ಕಿಂತ ಹೆಚ್ಚಾಗಿ ಮಾರಿಕುಪ್ಪಂನಿಂದ ಹೊರಡುವ ರೈಲಿದೆ. ಗಣಿ ಮುಚ್ಚಿದ ಮೇಲೆ ಮಕ್ಕಳು ಬೆಳಗಿನ ಗಾಡಿ ಹತ್ತಿ ಬೆಂಗಳೂರಿಗೆ ಬಂದು ದುಡಿದು, ರಾತ್ರಿ ತಮ್ಮ ಮನೆಯಲ್ಲೇ ಮಲಗುತ್ತಾರೆ. ಆ ರೈಲಿನಲ್ಲಿ ಬರುವವರ ಸುಸ್ತು ನೀವು ಕೃಷ್ಣರಾಜಪುರ ನಿಲ್ದಾಣದಲ್ಲಿ ದಿನಾ ನೋಡುತ್ತಿರಬಹುದು. ಅದು ಸುಖದ ಬದುಕು ಎಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಹಿಂದಿರುಗಲು ಒಂದು ಬಾಗಿಲು ಉಳಿಯಿತು.

ನಮ್ಮಲ್ಲಿ ಯಾರಿಗೂ ಸ್ವಂತ ಮನೆ ಇರಲಿಲ್ಲ. ನೆಲ ಕಾಡಿನದು, ಗಣಿಗೆ ಗುತ್ತಿಗೆಗೆ ಕೊಟ್ಟದ್ದು. ಅಲ್ಲಿ ಒಂದು ಸೈಟು ಕೊಳ್ಳುವ ಹಾಗಿಲ್ಲ, ಒಂದು ಕೋಣೆ ಕಟ್ಟಿಸುವ ಹಾಗಿಲ್ಲ. ಇದ್ದದ್ದೆಲ್ಲ ಕ್ವಾರ್ಟ್ರಸ್ಸು. ನಿವೃತ್ತಿಯಾದ ಮೇಲೆ ಕೀಲಿ ಕೊಟ್ಟು ಇಳಿಯಬೇಕು. ಹಾಗಾಗಿ ಅದು ಅಜ್ಜ ಅಜ್ಜಿ ಇಲ್ಲದ ಊರು. ರಜೆಯಲ್ಲಿ ಮಕ್ಕಳನ್ನು ನಾವೇ ಅಜ್ಜಿಮನೆಗೆ ಕಳಿಸಬೇಕಿತ್ತು, ನಮ್ಮಲ್ಲಿಗೆ ಅಜ್ಜಿಯರು ಬಂದರೆ ಮಳೆ ಶುರುವಾಗುವ ಮುಂಚೆ ಹೊರಟುಬಿಡುತ್ತಿದ್ದರು. ಊರು ಖಾಲಿಯಾಗುವುದು 2005ರಲ್ಲಿ ಶುರುವಾಗಲಿಲ್ಲ. ಮೊದಲ ಕ್ವಾರ್ಟ್ರಸ್ಸಿನ ಮೊದಲ ಕೀಲಿ ಕೈಗೆ ಕೊಟ್ಟಾಗಲೇ ಅದನ್ನು ವಾಪಸು ತೆಗೆದುಕೊಳ್ಳುವ ದಿನವೂ ಗೊತ್ತಾದ ಹಾಗೆ ಆಗಿತ್ತು. ಕಂಪನಿ ಹುಟ್ಟುವ ಮುಂಚೆಯೇ ಆಗಿದ್ದ ಗುತ್ತಿಗೆಯ ಅವಧಿ ಮೂವತ್ತು ವರ್ಷ, 1969ರಿಂದ 1999ರವರೆಗೆ. ಅದು ಕಾಗದದಲ್ಲಿ ಇತ್ತು. ನಾವು ಯಾರೂ ಓದಲಿಲ್ಲ, ನಮಗೆ ಯಾರೂ ಓದಿ ಹೇಳಲೂ ಇಲ್ಲ.

ನಾವು ಹೊರಟ ದಿನ ಬೆಳಗ್ಗೆ ಲಾರಿಗೆ ಸಾಮಾನು ಏರಿಸಿ ಆದ ಮೇಲೆ ನನ್ನ ಯಜಮಾನರು ಖಾಲಿ ಮನೆಯೊಳಗೆ ಹೋಗಿ ಎಲ್ಲ ದೀಪ ಹಾಕಿ, ಮತ್ತೆ ಒಂದೊಂದಾಗಿ ಆರಿಸಿ ಬಂದರು. ಯಾಕೆ ಎಂದು ನಾನು ಕೇಳಲಿಲ್ಲ. ಬೀದಿಯಲ್ಲಿ ಇನ್ನೂ ನಾಲ್ಕು ಲಾರಿ ನಿಂತಿದ್ದವು. ಒಂದು ಉಡುಪಿಗೆ, ಒಂದು ಪಾಲಕ್ಕಾಡಿಗೆ, ಎರಡು ಬೆಂಗಳೂರಿಗೆ.

ಇನ್ನೊಂದು ಮಾತನ್ನು ಮರೆಯಬಾರದು. ಆ ಬೆಟ್ಟಗಳಲ್ಲಿ ನಿಜವಾಗಿ ಸ್ವಂತ ಊರು ಎಂದು ಇದ್ದದ್ದು ಮಲೆಕುಡಿಯರಿಗೆ, ಗೌಡಲು ಜನರಿಗೆ. ಗದ್ದೆ, ದೈವದ ಕಲ್ಲು, ಹಿರಿಯರ ಸಮಾಧಿ ಅವರಿಗೆ ಇದ್ದವು. ಗಣಿ ಬಂದಾಗಲೂ, ಮುಂದೆ ರಾಷ್ಟ್ರೀಯ ಉದ್ಯಾನ ಬಂದಾಗಲೂ ಅವರನ್ನು ಕೇಳಿದವರು ಕಡಿಮೆ. ನಮ್ಮ ಖಾಲಿ ಮನೆಗಳ ಫೋಟೋ ಎಲ್ಲರೂ ತೆಗೆಯುತ್ತಾರೆ. ಅವರ ಮನೆಗಳು ರಸ್ತೆಗೆ ಕಾಣುವುದಿಲ್ಲ.

ಅದಿರು ಮುಗಿದದ್ದರಿಂದ ಗಣಿ ಮುಚ್ಚಿತೇ? ನಮ್ಮ ಭಾವನವರು ‘ಪರಿಸರವಾದಿಗಳು ಒಂದು ಜೀವಂತ ಊರನ್ನು ಕೊಂದರು’ ಎನ್ನುತ್ತಾರೆ. ನೀವು ಅಲ್ಲೇ ಇದ್ದವರು. ನಿಮ್ಮ ಅಭಿಪ್ರಾಯ?
– ಓದುಗರು, ಜಯನಗರ

ಅದಿರು ಮುಗಿದಿರಲಿಲ್ಲ. ಮೇಲಿನ ಮೆತ್ತನೆ ಅದಿರಿನ ಕೆಳಗೆ ಗಟ್ಟಿ ಅದಿರು ಇತ್ತು, ಪಕ್ಕದ ನೆಲ್ಲಿಬೀಡು, ಗಂಗಡಿಕಲ್ಲು ಬೆಟ್ಟಗಳ ಮೇಲೂ ಕಣ್ಣಿತ್ತು. ಆದರೆ 1987ರಲ್ಲೇ ಸುತ್ತಲಿನ 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರು. 1999ರಲ್ಲಿ ಗುತ್ತಿಗೆ ಮುಗಿದ ಮೇಲೆ ತಾತ್ಕಾಲಿಕ ಅನುಮತಿಗಳ ಮೇಲೆ ಗಣಿ ನಡೆಯಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ಸುಪ್ರೀಂ ಕೋರ್ಟಿಗೆ ಹೋದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005ರ ಕೊನೆಗೆ ಗಣಿ ನಿಲ್ಲಬೇಕು.

ತೀರ್ಪು ಬಂದ ದಿನ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲೂ ಸರಿಯಾಗಿ ಊಟವಾಗಲಿಲ್ಲ. ಚಿಣ್ಣಪ್ಪನವರ ಮೇಲೆ ನನಗೂ ಸಿಟ್ಟಿತ್ತು, ಬಹಳ ಸಿಟ್ಟಿತ್ತು. ನನ್ನ ಮಗ ಆಗ ಪಿ.ಯು.ಸಿ.ಯಲ್ಲಿದ್ದ. ನಿಮ್ಮ ಭಾವನವರು ಈಗ ಆಡುವ ಮಾತನ್ನೇ ನಾನು ಆಗ ಆಡಿದ್ದೇನೆ.

ನನ್ನ ಮನಸ್ಸು ಬದಲಾದದ್ದು ಯಾರ ಭಾಷಣದಿಂದಲೂ ಅಲ್ಲ. ನನ್ನ ಕೈಬರಹದ ರಿಜಿಸ್ಟರಿನಿಂದ. ಒಂದು ಟನ್ ಒಳ್ಳೆಯ ಪುಡಿ, ಅಂದರೆ 67 ಪಾಲು ಕಬ್ಬಿಣವಿರುವ ಪುಡಿ, ಸಿಗಬೇಕಾದರೆ ಸುಮಾರು ಮೂರು ಟನ್ ಬೆಟ್ಟವನ್ನು ಅರೆಯಬೇಕು. ಉಳಿದ ಎರಡು ಟನ್ ಎಲ್ಲಿಗೆ? ಭದ್ರೆಗೆ ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ಸುಮಾರು ನೂರು ಮೀಟರ್ ಎತ್ತರದ ಕಟ್ಟೆ ಕಟ್ಟಿದ್ದರಲ್ಲ, ಅದು ನೀರಿಗಾಗಿ ಮಾತ್ರ ಅಲ್ಲ, ಆ ಎರಡು ಟನ್ ರಾಡಿಗಾಗಿ. ಅಲ್ಲಿಗೆ ಹೋಗುವ ರಾಡಿಯ ಸ್ಯಾಂಪಲ್ಲನ್ನೂ ನಾನೇ ಅಳೆಯುತ್ತಿದ್ದೆ. ಅದರಲ್ಲೂ ಕಬ್ಬಿಣ ಇರುತ್ತಿತ್ತು, ಬೇರ್ಪಡಿಸಲಾಗದೆ ಉಳಿದದ್ದು. ವರ್ಷಕ್ಕೆ 75 ಲಕ್ಷ ಟನ್ ಪುಡಿಯ ಗುರಿ ಎಂದರೆ ಲಕ್ಯಾಕ್ಕೆ ಒಂದೂವರೆ ಕೋಟಿ ಟನ್. ಒಂದು ಸಂಜೆ ಸುಮ್ಮನೆ ಕೂತು ಇಪ್ಪತ್ತು ವರ್ಷಕ್ಕೆ ಗುಣಿಸಿದೆ. ಗುಣಿಸಿ ಪೆನ್ನು ಕೆಳಗಿಟ್ಟೆ.

ಆಮೇಲೆ ಮಳೆ. ಆರು ಸಾವಿರ ಮಿಲಿಮೀಟರ್ ಮಳೆ ಬೀಳುವ ಕಡೆ ಬೆಟ್ಟದ ಚರ್ಮ ಸುಲಿದು ಇಟ್ಟರೆ ಮಣ್ಣು ನಿಲ್ಲುವುದೆಲ್ಲಿ? ಜುಲೈನಲ್ಲಿ ಭದ್ರೆ ಚಹಾದ ಬಣ್ಣಕ್ಕೆ ತಿರುಗುವುದನ್ನು ನಾನು ಸೇತುವೆಯ ಮೇಲೆ ನಿಂತು ವರ್ಷವರ್ಷವೂ ನೋಡಿದ್ದೇನೆ. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಅದೇ ಬೆಟ್ಟಸಾಲಿನಲ್ಲಿದೆ. ಭದ್ರೆಯ ಹೂಳು ಹೋಗಿ ಕೂರುವುದು ಲಕ್ಕವಳ್ಳಿಯ ಅಣೆಕಟ್ಟೆಯಲ್ಲಿ. ಅದರ ಕಾಲುವೆಯನ್ನು ನಂಬಿ ದಾವಣಗೆರೆಯವರೆಗೆ ಭತ್ತ ಬೆಳೆಯುತ್ತಾರೆ. ನಮ್ಮ ಸಂಬಳ ಎರಡು ಸಾವಿರ ಮನೆ ನಡೆಸಿದ್ದರೆ ಆ ನೀರು ಎಷ್ಟು ಮನೆ ನಡೆಸುತ್ತದೆ ಎಂದು ಯೋಚಿಸಿ. ಮುಚ್ಚಿದ್ದು ಸರಿ. ನನ್ನ ಕೆಲಸ ಹೋಯಿತು, ನನ್ನ ಊರು ಹೋಯಿತು, ಆದರೂ ಮುಚ್ಚಿದ್ದು ಸರಿ ಎಂದೇ ನಾನು ಹೇಳುವುದು. ನಿಮ್ಮ ಭಾವನವರಿಗೆ ಈ ಪುಟ ಓದಲು ಕೊಡಿ. ಊರನ್ನು ಕೊಂದವರು ಯಾರು ಎಂದು ಕೇಳುವುದಾದರೆ, ಮೂರು ನದಿಗಳ ತಲೆಯ ಮೇಲೆ, ಸಿಂಗಳೀಕಗಳ ಕಾಡಿನಲ್ಲಿ, ಮೂವತ್ತು ವರ್ಷದ ಕಾಗದದ ಮೇಲೆ ಊರು ಕಟ್ಟಿದವರನ್ನು ಮೊದಲು ಕೇಳಬೇಕು.

ಕೋರಮಂಗಲದಲ್ಲಿ ಕುದುರೆಮುಖದ ಹೆಸರಿನ ಆಫೀಸು ಇದೆಯಲ್ಲ, ಗಣಿಯೇ ಇಲ್ಲದ ಮೇಲೆ ಅಲ್ಲಿ ಏನು ಕೆಲಸ?
– ಓದುಗರು, ಈಜೀಪುರ

ಗಣಿ ನಿಂತರೂ ಕಂಪನಿ ನಿಂತಿಲ್ಲ. ಬೇರೆ ಕಡೆಯ ಅದಿರು ತರಿಸಿ ಪಣಂಬೂರಿನಲ್ಲಿ ಪೆಲೆಟ್ ಮಾಡುವುದು ಆಮೇಲಿನ ದಾರಿಯಾಯಿತು. 2024ರಲ್ಲಿ ಪತ್ರಿಕೆಗಳಲ್ಲಿ ಓದಿರಬಹುದು, ಸಂಡೂರಿನ ದೇವದಾರಿ ಬೆಟ್ಟದಲ್ಲಿ ಗಣಿ ತೆರೆಯುವ ಪ್ರಸ್ತಾಪಕ್ಕೆ ಕಾಡಿನ ಕಾರಣದಿಂದ ವಿರೋಧ ಎದ್ದದ್ದು. ಆ ಸುದ್ದಿ ಬಂದಾಗ ನನಗೆ ಲಕ್ಯಾದ ಲೆಕ್ಕವೇ ನೆನಪಾಯಿತು. ಅಲ್ಲಿಗೆ ಕೆಲಸಕ್ಕೆ ಹೋಗಲು ಆಸೆಪಡುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ: ಗುತ್ತಿಗೆಯ ಕೊನೆಯ ತಾರೀಖು ಯಾವುದು ಎಂದು ಮೊದಲ ದಿನವೇ ಕೇಳಿ.

ಅಮ್ಮಾ, ನಾನು ಹುಟ್ಟಿದ್ದು ಕುದುರೆಮುಖದಲ್ಲಿ. ಅಪ್ಪ ಅಲ್ಲಿ ಪಂಪ್ ಹೌಸಿನಲ್ಲಿದ್ದರು. ಈಗ ಅವರಿಗೆ 79. ಬನಶಂಕರಿಯ ನಮ್ಮ ಫ್ಲಾಟಿನಲ್ಲಿದ್ದಾರೆ. ನೆನಪು ಹೋಗುತ್ತಿದೆ. ಸಂಜೆಯಾದರೆ ಬಾಲ್ಕನಿಯಲ್ಲಿ ನಿಂತು ‘ಶಿಫ್ಟ್ ಬಸ್ಸು ಬಂತಾ?’ ಎಂದು ಕೇಳುತ್ತಾರೆ. ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಲೇ? ಹಾಳುಬಿದ್ದದ್ದನ್ನು ನೋಡಿ ಇನ್ನಷ್ಟು ಕುಗ್ಗಿಬಿಟ್ಟರೆ?
– ಓದುಗರು, ಬನಶಂಕರಿ

ಮಗಳೇ, ನಿನ್ನ ಪತ್ರವನ್ನು ಎಷ್ಟು ಸಲ ಓದಿದೆನೋ. ನಿನ್ನ ಅಪ್ಪನ ಮುಖ ನನಗೆ ಗೊತ್ತಿರಲೂಬಹುದು. ಪಂಪ್ ಹೌಸಿನಿಂದ ಸ್ಯಾಂಪಲ್ ಡಬ್ಬಿ ತರುತ್ತಿದ್ದವರೆಲ್ಲ ನಮ್ಮ ಲ್ಯಾಬಿನ ಬಾಗಿಲಲ್ಲಿ ರೇನ್‌ಕೋಟು ಕೊಡವಿಯೇ ಒಳಗೆ ಬರುತ್ತಿದ್ದರು.

ಮೊದಲು ಅವರನ್ನು ನೋಡುವ ವೈದ್ಯರನ್ನು ಕೇಳು. ಅಷ್ಟು ದೂರದ ಪ್ರಯಾಣ, ಕೊನೆಯ ಎರಡು ಗಂಟೆ ಬರೀ ತಿರುವು. ಅವರು ಸರಿ ಎಂದರೆ ಹೋಗು, ಆದರೆ ಮಳೆಯಲ್ಲಿ ಬೇಡ. ಡಿಸೆಂಬರ್ ಅಥವಾ ಜನವರಿಯಲ್ಲಿ ಹೋಗು. ರಾತ್ರಿ ಪ್ರಯಾಣ ಬೇಡ, ನಡುವೆ ಹಾಸನದಲ್ಲಿ ಒಂದು ದಿನ ಉಳಿ. ಕಳಸದಲ್ಲಿ ತಂಗು, ಕಳಸೇಶ್ವರನ ಮೆಟ್ಟಿಲ ಬಳಿ ಅವರನ್ನು ಸ್ವಲ್ಪ ಹೊತ್ತು ಕೂರಿಸು. ಆ ಗುಡಿ ಬದಲಾಗಿಲ್ಲ, ಅಲ್ಲಿ ಅವರಿಗೆ ಧೈರ್ಯ ಬರುತ್ತದೆ.

ನಾನು ನನ್ನ ಯಜಮಾನರ ಜೊತೆ 2016ರಲ್ಲಿ ಹೋಗಿದ್ದೆ. ನಾನು ಮಾಡಿದ ತಪ್ಪು, ನೇರ ನಮ್ಮ ಕ್ವಾರ್ಟ್ರಸ್ಸಿನ ಮುಂದೆ ಹೋಗಿ ನಿಂತದ್ದು. ಕಿಟಕಿಯ ಗಾಜಿಲ್ಲ, ಅಡುಗೆಮನೆಯ ನೆಲದಲ್ಲಿ ಜರೀಗಿಡ. ಅವರು ಮಾತಾಡಲಿಲ್ಲ, ನನಗೂ ಎದೆ ಹಿಡಿದಂತಾಯಿತು. ಆದರೆ ಅಲ್ಲಿಂದ ಹೊಳೆಯ ಹತ್ತಿರ ಬಂದಾಗ ಅವರೇ ನೀರಿಗೆ ಬಗ್ಗಿ, ‘ತಳ ಕಾಣಿಸ್ತಿದೆ ನೋಡೇ’ ಎಂದರು. ಆದ್ದರಿಂದ ನೀನು ಮೊದಲು ಹೊಳೆ ತೋರಿಸು. ಎದುರಿನ ಬೆಟ್ಟ ತೋರಿಸು. ಬೆಟ್ಟದ ಆಕಾರವನ್ನು ಅವರ ಕಣ್ಣು ಮರೆತಿರುವುದಿಲ್ಲ. ಮನೆ ಎಲ್ಲಿ ಎಂದು ಅವರಾಗಿ ಕೇಳಿದರೆ ಮಾತ್ರ ಆ ಬೀದಿಗೆ ಹೋಗು. ಒಳಗೆ ಹೋಗಲು ಬಿಡಬೇಡ, ಸೂರು ಶಿಥಿಲವಾಗಿದೆ. ಕಾಡಿನ ರಸ್ತೆಯಲ್ಲಿ ಚೆಕ್‌ಪೋಸ್ಟ್‌ನವರು ಕೇಳಿದರೆ ವಿಷಯ ಹೇಳು. ಅವರೂ ಅಪ್ಪಂದಿರ ಮಕ್ಕಳೇ.

ಹೋಗಲು ಆಗದಿದ್ದರೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಳೆಯ ಗುರುತಿನ ಕಾರ್ಡು, ಹೆಲ್ಮೆಟ್ಟು, ಏನಾದರೂ ಉಳಿದಿದ್ದರೆ ಅವರ ಕೈಗೆ ಸಿಗುವ ಹಾಗೆ ಇಡು. ಮಳೆ ಬಂದ ದಿನ ಬಾಲ್ಕನಿಯ ಬಾಗಿಲು ತೆರೆದಿಡು. ಮತ್ತೆ, ಶಿಫ್ಟ್ ಬಸ್ಸು ಬಂತಾ ಎಂದು ಕೇಳಿದರೆ, ಗಣಿ ಮುಚ್ಚಿ ಎಷ್ಟೋ ವರ್ಷ ಆಯಿತು ಎಂದು ಪ್ರತಿ ಸಂಜೆ ಹೊಸದಾಗಿ ಅವರಿಗೆ ಹೇಳಬೇಡ. ಪ್ರತಿ ಸಲವೂ ಅವರು ಅದನ್ನು ಮೊದಲ ಬಾರಿಗೆ ಕೇಳುತ್ತಾರೆ. ‘ಇವತ್ತು ನಿಮಗೆ ವೀಕ್ಲಿ ಆಫ್ ಅಪ್ಪಾ, ಕಾಫಿ ಕುಡಿಯಿರಿ’ ಎನ್ನು.